ಹರ್ಮಾಯನಿ ಹ್ಯಾರಿಗೆ ಏನಾಗಬೇಕು?

ಏಪ್ರಿಲ್ ತಿಂಗಳ ಭಾನುವಾರ. ಬೆಳಿಗ್ಗೆ ಹತ್ತಕ್ಕೇ ದಾವಣಗೆರೆಯ ಬಿಸಿಲು ತಾರಸಿ ಮೇಲಿನ ಶೀಟನ್ನು ಕಾಯಿಸಿಬಿಟ್ಟಿತ್ತು. ವಿದ್ಯಾನಗರದ ಒಂದು ಮನೆಯ ಮಹಡಿಯಲ್ಲಿ ನಾಲ್ಕು ಜಮಖಾನ, ಎರಡು ಟೇಬಲ್ ಫ್ಯಾನ್, ಒಂದು ಬಿಳಿ ಬೋರ್ಡು, ಜೆ. ಕೆ. ರೌಲಿಂಗ್ ಬರೆದ ಹ್ಯಾರಿ ಪಾಟರ್ ಕಾದಂಬರಿಗಳ ಮೂರು ಸೆಟ್. ಬಂದವರು 24 ಜನ. ಎಂಟನೇ ತರಗತಿಯ ಮಕ್ಕಳಿಂದ ಹಿಡಿದು ಕಾಲೇಜಿನಲ್ಲಿ ಪಾಠ ಹೇಳುವವರವರೆಗೆ ಇದ್ದರು. ಮೊಮ್ಮಗಳನ್ನು ಕರೆದುಕೊಂಡು ಬಂದ ಅಜ್ಜಿಯೊಬ್ಬರು ಲೆಕ್ಕದ ಹೊರಗೆ. ವಿಷಯ ಒಂದೇ: ಈ ಏಳು ಪುಸ್ತಕಗಳಲ್ಲಿ ಯಾರಿಗೆ ಯಾರು ಜೋಡಿ, ಅದನ್ನು ಪುಸ್ತಕ ಎಲ್ಲಿ, ಹೇಗೆ ಹೇಳಿದೆ.

ಹುಡುಗರ ಬಾಯಲ್ಲಿ ಇದಕ್ಕೆ ಶಿಪ್ಪಿಂಗ್ ಅಂತ ಹೆಸರು. ಹಡಗಿಗೂ ಇದಕ್ಕೂ ಸಂಬಂಧವಿಲ್ಲ, ರಿಲೇಶನ್‌ಶಿಪ್ ಅನ್ನುವ ಪದದ ಬಾಲ ಹಿಡಿದು ಹುಟ್ಟಿದ ಮಾತು. "ನಿಂದು ಯಾವ ಶಿಪ್?" ಅಂದರೆ ನೀನು ಯಾವ ಜೋಡಿಯ ಪರ ಅಂತ. ಹ್ಯಾರಿ ಮಂತ್ರವಿದ್ಯೆ ಕಲಿಸುವ ಶಾಲೆಯ ಹುಡುಗ, ರಾನ್ ಅವನ ಗೆಳೆಯ, ಹರ್ಮಾಯನಿ ಗೆಳತಿ, ಜಿನ್ನಿ ರಾನ್‌ನ ತಂಗಿ, ಡ್ರೇಕೋ ಈ ಮೂವರಿಗೂ ಆಗದವನು. ಹ್ಯಾರಿ ಮತ್ತು ಹರ್ಮಾಯನಿ ಪರ ಇರುವವರು ಹಾರ್ಮನಿ, ರಾನ್ ಮತ್ತು ಹರ್ಮಾಯನಿ ಪರದವರು ರೊಮಾಯನಿ, ಹ್ಯಾರಿ ಮತ್ತು ಜಿನ್ನಿ ಪರದವರು ಹಿನ್ನಿ. ಡ್ರೇಕೋ ಮತ್ತು ಹರ್ಮಾಯನಿಯನ್ನು ಕೂಡಿಸುವವರು ಡ್ರಮಾಯನಿ. ಕಡೇ ಪುಸ್ತಕ 2007ರ ಜುಲೈನಲ್ಲಿ ಬಂತು. ಆ ವರ್ಷ ಹುಟ್ಟಿರದ ಮಕ್ಕಳೂ ಇವತ್ತು ಈ ಹೆಸರುಗಳನ್ನು ಹೇಳಿಕೊಂಡು ಎದುರುಬದುರು ಕೂರುತ್ತಾರೆ.

ಹಿಂದಿನ ದಸರಾ ರಜೆಯಲ್ಲೂ ಇದೇ ಜಾಗದಲ್ಲಿ ಇದೇ ಚರ್ಚೆ ಇಟ್ಟಿದ್ದೆವು. 20 ನಿಮಿಷಕ್ಕೆ ಮುರಿದುಬಿತ್ತು. ಜಗಳಗಂಟರು ಬಂದಿದ್ದರು ಅಂತಲ್ಲ. ಒಬ್ಬಳು ಪುಸ್ತಕದ ಮಾತು ಎತ್ತಿದರೆ ಇನ್ನೊಬ್ಬ ಸಿನಿಮಾದ ದೃಶ್ಯ ತಂದು ಉತ್ತರ ಕೊಡುತ್ತಿದ್ದ. ಲೇಖಕಿಯೇ ಹೀಗಂದಿದ್ದಾರೆ ಅಂತ ಮೂರನೆಯವರು ಅಡ್ಡ ಬರುತ್ತಿದ್ದರು. ತಮಗೆ ಹೇಗಿದ್ದರೆ ಚೆಂದವೋ ಅದನ್ನೇ ಪುರಾವೆ ಅಂದುಕೊಂಡಿದ್ದರು ಇನ್ನೊಬ್ಬರು. ನಾಲ್ಕು ಜನ ನಾಲ್ಕು ಬೇರೆ ಕಥೆಗಳ ಬಗ್ಗೆ ಮಾತಾಡುತ್ತಿದ್ದರು, ಪಾತ್ರಗಳ ಹೆಸರು ಮಾತ್ರ ಒಂದೇ ಆಗಿತ್ತು.

ಅದಕ್ಕೇ ಈ ಸಲ ಬಣ್ಣದ ಚೀಟಿ ತಂದೆವು. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಚೀಟಿ. ಬಿಳಿ ಅಂದರೆ ಪುಸ್ತಕದೊಳಗಿನದು. ಹಳದಿ ಸಿನಿಮಾದ್ದು. ಗುಲಾಬಿ ಲೇಖಕಿ ಪುಸ್ತಕದ ಹೊರಗೆ ಹೇಳಿದ್ದು. ನೀಲಿ ನಮ್ಮ ಆಸೆ, ನಮ್ಮ ಊಹೆ. ಒಂದೊಂದು ಗುಂಪಿಗೆ 10 ಬಿಳಿ, 3 ಹಳದಿ, 3 ಗುಲಾಬಿ, 4 ನೀಲಿ. ಚೀಟಿಯ ಮೇಲೆ ಪುಸ್ತಕದ ಸಂಖ್ಯೆ, ಅಧ್ಯಾಯದ ಸಂಖ್ಯೆ, ಆ ದೃಶ್ಯವನ್ನು ಯಾರ ಕಣ್ಣಿಂದ ನೋಡುತ್ತಿದ್ದೇವೆ, ಇಷ್ಟು ಇರಲೇಬೇಕು. ಕೆಳಗೆ ಎರಡು ಸಾಲು, ಕನ್ನಡದಲ್ಲಿ. ಮಂಡಿಸಲು ಎರಡು ನಿಮಿಷ, ಉತ್ತರಕ್ಕೆ ಒಂದು. ಮುಖ್ಯ ನಿಯಮ: ಬಿಳಿ ಚೀಟಿಗೆ ಬಿಳಿ ಚೀಟಿಯಿಂದಲೇ ಉತ್ತರ.

ಪುಟದ ಸಂಖ್ಯೆ ಬೇಡ ಅಂದದ್ದಕ್ಕೆ ಕಾರಣವಿದೆ. ದಸರೆಯಲ್ಲಿ ಅರ್ಧ ಹೊತ್ತು ಪುಟ ಹುಡುಕುವುದರಲ್ಲೇ ಹೋಗಿತ್ತು. ಹಳೇ ಮುದ್ರಣಕ್ಕೂ ಹೊಸ ಮುದ್ರಣಕ್ಕೂ ಪುಟ ಹೊಂದುವುದಿಲ್ಲ, ಮೊಬೈಲಿನಲ್ಲಿ ಓದುವವರಿಗೆ ಪುಟವೇ ಇಲ್ಲ. ಅಧ್ಯಾಯ ಎಲ್ಲ ಪ್ರತಿಯಲ್ಲೂ ಒಂದೇ. ಏಳೂ ಪುಸ್ತಕ ಸೇರಿ 198 ಅಧ್ಯಾಯ, ಕೊನೆಗೊಂದು ಉಪಸಂಹಾರ. ಅಧ್ಯಾಯ ಗೊತ್ತಿದ್ದರೆ ಯಾವ ಪ್ರತಿಯಲ್ಲಾದರೂ ದೃಶ್ಯ ಎರಡು ನಿಮಿಷದಲ್ಲಿ ಸಿಗುತ್ತದೆ.

ಇನ್ನೊಂದು ಏರ್ಪಾಟು, ಯಾರು ಎಷ್ಟನೇ ಪುಸ್ತಕದವರೆಗೆ ಓದಿದ್ದಾರೆ ಅಂತ ಬಾಗಿಲಲ್ಲೇ ಕೇಳುವುದು. ಐದರವರೆಗೆ ಓದಿದವರು ಕೆಳಗಿನ ವರಾಂಡದಲ್ಲಿ, ಏಳನ್ನೂ ಮುಗಿಸಿದವರು ಮಹಡಿಯಲ್ಲಿ. ಮೊದಲ ಸಲ ಓದುವವರಿಗೆ ಕಥೆ ಮೊದಲೇ ಗೊತ್ತಾಗಿಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಕೆಳಗೆ ಐದು ಮಕ್ಕಳು ಕೂತರು. ಅಜ್ಜಿಯ ಮೊಮ್ಮಗಳು ಅವರಲ್ಲಿ ಒಬ್ಬಳು. ವರಾಂಡದಲ್ಲಿ ಕುರ್ಚಿ ಇರಲಿಲ್ಲವಾದ್ದರಿಂದ ಅಜ್ಜಿ ಮೆಟ್ಟಿಲು ಹತ್ತಿ ಬಂದು ಫ್ಯಾನಿನ ಎದುರು ಕೂತರು.

ಮೊದಲ ಚೀಟಿಯೇ ಬಣ್ಣದ ಬೆಲೆ ತೋರಿಸಿತು. ಹಾರ್ಮನಿ ಗುಂಪಿನ ಪಿಯುಸಿ ಹುಡುಗಿ ಎದ್ದು, ಮೂರನೇ ಪುಸ್ತಕದಲ್ಲಿ ಹಾಳು ಮನೆಯೊಳಗೆ, ಹ್ಯಾರಿಯನ್ನು ಕೊಲ್ಲಲು ಬಂದವನು ಅಂತ ಎಲ್ಲರೂ ನಂಬಿದ್ದ ಸಿರಿಯಸ್ ಬ್ಲ್ಯಾಕ್ ಎದುರಾದಾಗ, ಹ್ಯಾರಿಯನ್ನು ಕೊಲ್ಲಬೇಕಾದರೆ ನಮ್ಮನ್ನೂ ಕೊಲ್ಲಬೇಕಾಗುತ್ತೆ ಅಂತ ಹರ್ಮಾಯನಿ ಅಡ್ಡ ನಿಲ್ಲುತ್ತಾಳೆ ಅಂದಳು. ಬಿಳಿ ಚೀಟಿ, 17ನೇ ಅಧ್ಯಾಯ. ಪುಸ್ತಕ ತೆಗೆಸಿದೆವು. ಆ ಮಾತು ರಾನ್‌ನದು. ಕಾಲು ಮುರಿದಿದೆ, ಮುಖದಲ್ಲಿ ರಕ್ತವಿಲ್ಲ, ಆದರೂ ಎದ್ದು ನಿಂತು ಹೇಳುತ್ತಾನೆ. 2004ರ ಸಿನಿಮಾದಲ್ಲಿ ಅದನ್ನು ಹರ್ಮಾಯನಿಯ ಬಾಯಿಗೆ ಹಾಕಿದ್ದಾರೆ. ಹುಡುಗಿ ಪುಸ್ತಕ ಓದಿದ್ದು ನಿಜ, ಎರಡು ಸಲ ಓದಿದ್ದಾಳೆ. ಆದರೆ ಸಿನಿಮಾ ನೋಡಿದ್ದು ಹತ್ತು ಸಲ. ಹತ್ತು ಸಲ ಕೇಳಿದ ದನಿ ಎರಡು ಸಲ ಓದಿದ ಸಾಲನ್ನು ಅಳಿಸಿಹಾಕಿತ್ತು. ಅವಳೇ ಬಿಳಿ ಚೀಟಿ ಹರಿದು ಹಳದಿ ತಗೊಂಡಳು.

ಇಂಥವು ಇನ್ನೂ ಇವೆ. ಮೊದಲ ಪುಸ್ತಕದಲ್ಲಿ ಬಳ್ಳಿಯ ಬಲೆಗೆ ಸಿಕ್ಕಿಕೊಂಡಾಗ ಉಪಾಯ ಹರ್ಮಾಯನಿಗೆ ಗೊತ್ತು, ಆದರೆ ಗಾಬರಿಯಲ್ಲಿ ಬೆಂಕಿ ಹಚ್ಚಲು ಕಟ್ಟಿಗೆ ಇಲ್ಲವಲ್ಲ ಅಂತ ಒದ್ದಾಡುತ್ತಾಳೆ. ನೀನು ಮಾಟಗಾತಿ ಹೌದೋ ಅಲ್ಲವೋ ಅಂತ ಕೂಗಿ ಅವಳನ್ನು ಎಚ್ಚರಿಸುವವನು ರಾನ್. ಸಿನಿಮಾದಲ್ಲಿ ಅವಳು ಶಾಂತ, ಇವನು ಗಾಬರಿ. ಎರಡನೇ ಪುಸ್ತಕದಲ್ಲಿ ಡ್ರೇಕೋ ಅವಳನ್ನು ಹೀನಾಯವಾಗಿ ಬೈದಾಗ ಆ ಬೈಗುಳದ ಅರ್ಥ ಅವಳಿಗೂ ಹ್ಯಾರಿಗೂ ಗೊತ್ತಿರುವುದಿಲ್ಲ. ಬಾಯಿಂದ ಗೊಂಡೆಹುಳು ಕಕ್ಕುತ್ತಲೇ ರಾನ್ ಬಿಡಿಸಿ ಹೇಳುತ್ತಾನೆ. ಮಂತ್ರವಾದಿಗಳ ಮನೆಯಲ್ಲಿ ಬೆಳೆದವನು ಮೂವರಲ್ಲಿ ಅವನೊಬ್ಬನೇ. ಸಿನಿಮಾದಲ್ಲಿ ಆ ಅರ್ಥವನ್ನೂ ಅವಳೇ ಹೇಳುತ್ತಾಳೆ. ಒಂದೊಂದೂ ಸಣ್ಣ ಬದಲಾವಣೆ. ಕೂಡಿಸಿ ನೋಡಿದರೆ ಸಿನಿಮಾದ ರಾನ್ ತಿನ್ನುವ, ಹೆದರುವ, ನಗಿಸುವ ಹುಡುಗನಾಗಿ ಉಳಿಯುತ್ತಾನೆ. ಅಂಥವನ ಪಕ್ಕ ಹರ್ಮಾಯನಿ ಯಾಕೆ ನಿಲ್ಲಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾರ್ಮನಿ ಪರ ಇರುವ ಎಷ್ಟೋ ಜನ ನಿಜಕ್ಕೂ ಸಿನಿಮಾದ ರಾನ್‌ನ ವಿರುದ್ಧ ವಾದಿಸುತ್ತಿರುತ್ತಾರೆ. ಟೆಂಟಿನೊಳಗೆ ಹ್ಯಾರಿ ಅವಳ ಕೈ ಹಿಡಿದು ಕುಣಿಯುವ ದೃಶ್ಯವೂ 2010ರ ಸಿನಿಮಾದ್ದೇ, ಪುಸ್ತಕದಲ್ಲಿ ಇಲ್ಲ.

ಹಾಗಂತ ಹಾರ್ಮನಿಯವರ ಹತ್ತಿರ ಬಿಳಿ ಚೀಟಿ ಇರಲಿಲ್ಲ ಅಂತಲ್ಲ. ಅವರ ತಯಾರಿ ಎಲ್ಲರಿಗಿಂತ ಗಟ್ಟಿ ಇತ್ತು. ನಾಲ್ಕನೇ ಪುಸ್ತಕದಲ್ಲಿ ಸ್ಪರ್ಧಿಗಳನ್ನು ಆರಿಸುವ ಬೆಂಕಿಯ ಬಟ್ಟಲಿನಿಂದ ಹ್ಯಾರಿಯ ಹೆಸರು ಬಂದಾಗ, ಹೆಸರು ಹಾಕಿದ್ದು ನಾನಲ್ಲ ಅನ್ನುವ ಅವನ ಮಾತನ್ನು ರಾನ್ ನಂಬುವುದಿಲ್ಲ, ಹರ್ಮಾಯನಿ ನಂಬುತ್ತಾಳೆ. ಅದೇ ಪುಸ್ತಕದ ಕೊನೆಯಲ್ಲಿ ರೈಲು ಇಳಿದ ಮೇಲೆ ಹ್ಯಾರಿಯ ಕೆನ್ನೆಗೆ ಮುತ್ತಿಡುತ್ತಾಳೆ, ಹಿಂದೆಂದೂ ಹಾಗೆ ಮಾಡಿರಲಿಲ್ಲ ಅಂತ ಪುಸ್ತಕವೇ ಹೇಳುತ್ತದೆ. ಏಳನೇದರಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಅವನ ತಂದೆತಾಯಿಯ ಸಮಾಧಿ ಹತ್ತಿರ ಹಿಮದಲ್ಲಿ ನಿಂತವಳು ಅವಳೊಬ್ಬಳೇ. ಎಲ್ಲಕ್ಕಿಂತ ಭಾರದ ಚೀಟಿ 15ನೇ ಅಧ್ಯಾಯದ್ದು. ರಾನ್ ಸಿಟ್ಟಿನಲ್ಲಿ ಟೆಂಟು ಬಿಟ್ಟು ಹೊರಡುವಾಗ ನೀನು ಬರುತ್ತೀಯೋ ಇರುತ್ತೀಯೋ ಅಂತ ಕೇಳುತ್ತಾನೆ. ಅವಳು ಇರುತ್ತಾಳೆ. ನೀನು ಅವನನ್ನು ಆರಿಸಿಕೊಂಡೆ ಅಂತ ಅವನೇ ಹೇಳಿ ಹೋಗುತ್ತಾನೆ.

ರೊಮಾಯನಿಯವರು ಅದೇ ಅಧ್ಯಾಯ ತೆರೆದರು. ಇಬ್ಬರು ಹುಡುಗರೂ ಕೈಕೈ ಮಿಲಾಯಿಸದಂತೆ ಹರ್ಮಾಯನಿ ನಡುವೆ ಒಂದು ರಕ್ಷಣಾ ಮಂತ್ರ ಹಾಕಿರುತ್ತಾಳೆ. ರಾನ್ ಹೊರಟ ತಕ್ಷಣ ಅವನ ಹಿಂದೆ ಓಡಲು ಹೋದರೆ ಅವಳದೇ ಮಂತ್ರ ಅವಳನ್ನು ತಡೆಯುತ್ತದೆ. ಅದನ್ನು ತೆಗೆದು ಮಳೆಯಲ್ಲಿ ಅವನ ಹೆಸರು ಕೂಗುತ್ತಾ ಓಡುವಷ್ಟರಲ್ಲಿ ಅವನು ಮಾಯ. ಉಳಿದುಕೊಂಡದ್ದು ಒಪ್ಪಿಕೊಂಡ ಕೆಲಸಕ್ಕೆ, ಓಡಿದ್ದು ಮನಸ್ಸಿಗೆ ಅಂತ ಅವರ ವಾದ. ಒಂದೇ ಪುಟ ಎರಡೂ ಕಡೆಗೆ ಸಾಕ್ಷಿ ಹೇಳುವ ಇಂಥ ಜಾಗ ಸಿಕ್ಕಾಗ ಚರ್ಚೆ ತಾನಾಗೇ ದನಿ ತಗ್ಗಿಸುತ್ತದೆ. ಎಲ್ಲರೂ ಓದತೊಡಗುತ್ತಾರೆ.

ಚೀಟಿಯಲ್ಲಿ ಯಾರ ಕಣ್ಣು ಅಂತ ಬರೆಸಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಬೆರಳೆಣಿಕೆಯ ಅಧ್ಯಾಯ ಬಿಟ್ಟರೆ ಇಡೀ ಕಥೆ ಹ್ಯಾರಿಯ ಕಣ್ಣಲ್ಲೇ ನಡೆಯುತ್ತದೆ. ಹಾಗಾಗಿ ಹ್ಯಾರಿಗೆ ಯಾರ ಮೇಲಾದರೂ ಮನಸ್ಸಾದರೆ ನಮಗೆ ನೇರ ಗೊತ್ತಾಗುತ್ತದೆ. ಶಾಲೆಯ ಚೋ ಅನ್ನುವ ಹುಡುಗಿ ಎದುರು ಬಂದರೆ ಅವನ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಹೇಳುವ ಪುಸ್ತಕ, ಹರ್ಮಾಯನಿಯ ವಿಷಯದಲ್ಲಿ ನಾಲ್ಕನೇ ಪುಸ್ತಕದ 19ನೇ ಅಧ್ಯಾಯದಲ್ಲಿ ಬೇರೆಯದೇ ಮಾತು ಹೇಳುತ್ತದೆ: ಅವಳು ಇಷ್ಟವೇ, ಆದರೆ ಅವಳೊಬ್ಬಳೇ ಜೊತೆಗಿದ್ದರೆ ನಗು ಕಮ್ಮಿ, ಲೈಬ್ರರಿ ಜಾಸ್ತಿ. ರಾನ್ ಮತ್ತು ಹರ್ಮಾಯನಿಯ ಮನಸ್ಸು ಮಾತ್ರ ನಮಗೆ ಹೊರಗಿನಿಂದ ಕಾಣಬೇಕು, ಅದೂ ಇಂಥದ್ದರಲ್ಲಿ ಮಂದವಾಗಿರುವ ಹುಡುಗನ ಕಣ್ಣಿಂದ. ಕ್ರಿಸ್‌ಮಸ್ ನೃತ್ಯದ ರಾತ್ರಿಯ ಜಗಳ, ಆ ರಾತ್ರಿ ಹರ್ಮಾಯನಿಯ ಜೊತೆ ಕುಣಿದ ಕ್ರಮ್‌ನ ಗೊಂಬೆಯ ಮುರಿದ ಕೈ, ಐದನೇದರಲ್ಲಿ ರಾನ್ ಕೊಟ್ಟ ಸೆಂಟು, ಆರನೇದರಲ್ಲಿ ಅವನು ಲ್ಯಾವೆಂಡರ್ ಅನ್ನುವ ಹುಡುಗಿಯ ಜೊತೆಯಾದ ಸಿಟ್ಟಿಗೆ ಹರ್ಮಾಯನಿ ಅವನ ಮೇಲೆ ಬಿಟ್ಟ ಹಳದಿ ಹಕ್ಕಿಗಳು. ಇವನ್ನು ಹ್ಯಾರಿ ನೋಡುತ್ತಾನೆ, ಅರ್ಥ ನಾವು ಮಾಡಿಕೊಳ್ಳಬೇಕು. ಅವಸರದಲ್ಲಿ ಓದಿದವರಿಗೆ ಈ ಜೋಡಿ ದಿಢೀರನೆ ಬಂದಂತೆ ಕಾಣುವುದು ಇದಕ್ಕೇ.

ರೊಮಾಯನಿಯವರ ಕಡೇ ಬಿಳಿ ಚೀಟಿ ಚೆನ್ನಾಗಿತ್ತು. ನಾಲ್ಕನೇ ಪುಸ್ತಕದಲ್ಲಿ ಮಂತ್ರವಾದಿಗಳ ಮನೆಯಲ್ಲಿ ಜೀತ ಮಾಡುವ ಎಲ್ಫ್ ಅನ್ನುವ ಪುಟ್ಟ ಜೀವಿಗಳ ಹಕ್ಕಿಗಾಗಿ ಹರ್ಮಾಯನಿ ಸಂಘ ಕಟ್ಟಿದಾಗ ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದವನು ರಾನ್. ಏಳನೇ ಪುಸ್ತಕದ 31ನೇ ಅಧ್ಯಾಯದಲ್ಲಿ, ಯುದ್ಧ ಶುರುವಾಗುವ ಹೊತ್ತಿಗೆ, ಅಡುಗೆಮನೆಯಲ್ಲಿರುವ ಎಲ್ಫ್‌ಗಳನ್ನು ಹೊರಗೆ ಕಳಿಸಬೇಕು, ನಮಗಾಗಿ ಅವರು ಸಾಯಬಾರದು ಅಂತ ನೆನಪಿಸುವವನೂ ಅವನೇ. ಅವಳ ಕೈಯಲ್ಲಿದ್ದ ಹಾವಿನ ಹಲ್ಲುಗಳೆಲ್ಲ ನೆಲಕ್ಕೆ ಬೀಳುತ್ತವೆ, ಓಡಿ ಹೋಗಿ ಅವನಿಗೆ ಮುತ್ತಿಡುತ್ತಾಳೆ. ನಾಲ್ಕನೇ ಪುಸ್ತಕ ಬಂದದ್ದು 2000ದಲ್ಲಿ, ಏಳನೇದು 2007ರಲ್ಲಿ. ಏಳು ವರ್ಷದ ಆಚೆ ಬಿತ್ತಿದ್ದನ್ನು ಇಲ್ಲಿ ಕೊಯ್ದಿದ್ದಾರೆ. ಅವಳಿಗೆ ಬೇಕಿದ್ದದ್ದು ಹೊಗಳಿಕೆಯಲ್ಲ, ತನಗೆ ಮುಖ್ಯವಾದದ್ದನ್ನು ಅವನೂ ಮುಖ್ಯ ಅಂದುಕೊಳ್ಳುವುದು. ಈ ಚೀಟಿಗೆ ಹಾರ್ಮನಿಯವರು ಉತ್ತರ ಕೊಡಲಿಲ್ಲ, ಚಪ್ಪಾಳೆ ತಟ್ಟಿದರು.

ಹಿನ್ನಿ ಗುಂಪಿನ ಕಷ್ಟ ಬೇರೆ ಥರದ್ದು. ಆ ಜೋಡಿ ಪುಸ್ತಕದಲ್ಲಿ ಇರುವುದರ ಬಗ್ಗೆ ಯಾರಿಗೂ ಅನುಮಾನವಿಲ್ಲ, ಸಾಕಷ್ಟು ಇದೆಯೇ ಅನ್ನುವುದೇ ಪ್ರಶ್ನೆ. ಮೊದಲ ನಾಲ್ಕು ಪುಸ್ತಕಗಳಲ್ಲಿ ಜಿನ್ನಿ ನಾಚುವ ಪುಟ್ಟ ಹುಡುಗಿ, ಎರಡನೇದರಲ್ಲಿ ಹ್ಯಾರಿಯನ್ನು ನೋಡಿದ ಗಾಬರಿಗೆ ಬೆಣ್ಣೆ ತಟ್ಟೆಯಲ್ಲಿ ಮೊಣಕೈ ಊರುತ್ತಾಳೆ. ಐದರಲ್ಲಿ ಮಾತು ಬರುತ್ತದೆ, ಆರರಲ್ಲಿ ಇದ್ದಕ್ಕಿದ್ದಂತೆ ಹ್ಯಾರಿಯ ಎದೆಯೊಳಗೆ ಪ್ರಾಣಿಯೊಂದು ಗುರುಗುಟ್ಟುತ್ತದೆ. ಇಬ್ಬರೂ ಖುಷಿಯಾಗಿದ್ದ ದಿನಗಳು ಕೆಲವೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಪುಸ್ತಕದ ನಿಜವಾದ ಕೊರತೆ ಇದು ಅಂತಲೇ ನಮ್ಮ ಅಭಿಪ್ರಾಯ. ಅವರಿಬ್ಬರೂ ಏನು ಮಾತಾಡಿಕೊಂಡರು ಅಂತ ಕೇಳಿಸಿಕೊಳ್ಳಲು ಓದುಗರಿಗೆ ಅವಕಾಶ ಸಿಕ್ಕಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಆದರೂ ಅವರ ಒಂದು ಚೀಟಿಯನ್ನು ಹತ್ತಿರದಿಂದ ನೋಡಬೇಕು. ಆರನೇ ಪುಸ್ತಕ, 9ನೇ ಅಧ್ಯಾಯ. ಮದ್ದಿನ ಪಾಠದಲ್ಲಿ ಒಲವಿನ ಮದ್ದಿನ ಕಡಾಯಿ ಕುದಿಯುತ್ತಿದೆ. ಅವರವರಿಗೆ ಪ್ರಿಯವಾದದ್ದರ ವಾಸನೆ ಅವರವರಿಗೆ ಬರುತ್ತದೆ. ಹ್ಯಾರಿಗೆ ಬಂದದ್ದು ಟ್ರೀಕಲ್ ಟಾರ್ಟ್ ಅನ್ನುವ ಸಿಹಿ, ಪೊರಕೆಯ ಹಿಡಿಯ ಮರ, ಆಮೇಲೆ ರಾನ್ ಮನೆಯಲ್ಲಿ ಎಲ್ಲೋ ಮೂಸಿದ್ದಂತಿರುವ ಒಂದು ಹೂವಿನ ಪರಿಮಳ. ಅಲ್ಲಿಗೆ ಬಿಟ್ಟಿದ್ದರೆ ಬರೀ ಸುಳಿವು. ಅದೇ ಅಧ್ಯಾಯದಲ್ಲಿ ಮುಂದೆ ಎಡಗಿವಿಯ ಹತ್ತಿರ ಯಾರೋ ಮಾತಾಡುತ್ತಾರೆ, ಅದೇ ಹೂವಿನ ಪರಿಮಳ ತಟ್ಟುತ್ತದೆ, ತಿರುಗಿದರೆ ಜಿನ್ನಿ. ಹ್ಯಾರಿ ಎರಡನ್ನೂ ಜೋಡಿಸಿ ನೋಡುವುದಿಲ್ಲ. ಓದುಗರಿಗೆ ಅವನಿಗಿಂತ ಮೊದಲೇ ಗೊತ್ತಾಗುತ್ತದೆ. ಅದೇ ಕಡಾಯಿಯ ಮುಂದೆ ಹರ್ಮಾಯನಿ ಕತ್ತರಿಸಿದ ಹುಲ್ಲು, ಹೊಸ ಚರ್ಮದ ಹಾಳೆ ಅಂತ ಹೇಳುತ್ತಾ ಮೂರನೇದಕ್ಕೆ ಬಂದು ಕೆಂಪಾಗಿ ಬಾಯಿ ಮುಚ್ಚುತ್ತಾಳೆ. ಅದು ರಾನ್‌ನ ಕೂದಲಿನ ವಾಸನೆ ಅಂತ ಲೇಖಕಿ ಹೇಳಿದ್ದು ಪುಸ್ತಕದ ಹೊರಗೆ, 2007ರಲ್ಲಿ. ಹಾಗಾಗಿ ಅದು ಗುಲಾಬಿ ಚೀಟಿ. ಬಿಳಿ ಚೀಟಿಯಲ್ಲಿ ಬರೆಯಬಹುದಾದ್ದು ಇಷ್ಟೇ: ಕೆಂಪಾದಳು, ಸುಮ್ಮನಾದಳು.

ನಿಮಗೆ ಆ ಕಡಾಯಿಯಲ್ಲಿ ಏನು ವಾಸನೆ ಬರುತ್ತಿತ್ತು ಅಂತ ನಡುವೆ ಯಾರೋ ಕೇಳಿದರು. ಕಾದ ಹಂಚಿನ ಮೇಲೆ ದೋಸೆಗೆ ಬೆಣ್ಣೆ ಬಿದ್ದಾಗಿನದು ಅಂತ ಮೂವರು ಒಟ್ಟಿಗೇ ಅಂದರು. ಮಂಡಕ್ಕಿ ಭಟ್ಟಿಯ ಬಿಸಿ ಮರಳು ಅಂದ ಇನ್ನೊಬ್ಬ. ಜಿನ್ನಿಯೇ ಹ್ಯಾರಿಗೆ ಮದ್ದು ಹಾಕಿದ್ದಾಳೆ ಅನ್ನುವ ಹಳೇ ಊಹೆ ಆಗ ಮೇಲೆ ಬಂತು. ಅದಕ್ಕೆ ಪುಸ್ತಕದಲ್ಲೇ ಉತ್ತರವಿದೆ. 18ನೇ ಅಧ್ಯಾಯದಲ್ಲಿ ರಾನ್ ಗೊತ್ತಿಲ್ಲದೆ ಮದ್ದು ಬೆರೆಸಿದ ಚಾಕಲೇಟು ತಿನ್ನುತ್ತಾನೆ, ಪರಿಚಯವೇ ಇಲ್ಲದ ಹುಡುಗಿಗಾಗಿ ಹುಚ್ಚನಂತೆ ಆಡುತ್ತಾನೆ. ಹ್ಯಾರಿಯಲ್ಲಿ ಅಂಥ ಒಂದು ಲಕ್ಷಣವೂ ಇಲ್ಲ. ಮದ್ದಿನ ಅಮಲಿನಲ್ಲಿರುವವನು ಅದೇ ಪುಸ್ತಕದ ಕೊನೆಯಲ್ಲಿ ಅವಳಿಗೆ ಅಪಾಯವಾಗದಿರಲಿ ಅಂತ ತಾನಾಗೇ ದೂರ ಸರಿಯುವುದೂ ಇಲ್ಲ.

ಹನ್ನೆರಡಕ್ಕೆ ಮಂಡಕ್ಕಿ, ಮೆಣಸಿನಕಾಯಿ, ಟೀ ಬಂತು. ಇಲ್ಲಿ ನಮ್ಮದೊಂದು ತಪ್ಪಾಯಿತು: ಚೀಟಿಗಳನ್ನು ಎತ್ತಿಡಲಿಲ್ಲ. ಎಣ್ಣೆ ಕೈಯಲ್ಲಿ ಮುಟ್ಟಿ ನಾಲ್ಕು ಬಿಳಿ ಚೀಟಿಯ ಇಂಕು ಹರಡಿಹೋಯಿತು. ಇನ್ನು ಮುಂದೆ ಬಾಲ್‌ಪೆನ್, ತಿಂಡಿ ಹೊತ್ತಿಗೆ ಪುಸ್ತಕ ಚೀಟಿ ಎಲ್ಲ ಕಪಾಟಿನೊಳಗೆ.

ತಿನ್ನುತ್ತಾ ಕೂತಾಗಲೇ ನಡುವಯಸ್ಸಿನ ಓದುಗರೊಬ್ಬರು ಹಿನ್ನಿಯವರಿಗೆ ನೇರ ಪ್ರಶ್ನೆ ಹಾಕಿದರು. "ಗೆಳೆಯನ ತಂಗಿ ಅಂದ್ರೆ ನಮಗೂ ತಂಗಿ ಅಲ್ವೇನ್ರಿ? ಅವರ ಮನೆಯಲ್ಲೇ ಉಂಡು, ಅವರ ಅಮ್ಮನ ಕೈಯಲ್ಲಿ ಸ್ವೆಟರ್ ಹೆಣಿಸ್ಕೊಂಡು ಬೆಳೆದೋನು." ಇದು ನಮ್ಮ ಊರಿನ ಪ್ರಶ್ನೆ, ಸುಳ್ಳಲ್ಲ. ಹಿನ್ನಿಯ ಹುಡುಗಿಯರು ತಡವರಿಸಿದರು. ಅಜ್ಜಿ ಟೀ ಲೋಟ ಕೆಳಗಿಟ್ಟರು. ಒಂದು ಪುಸ್ತಕವನ್ನೂ ಓದದ ಅವರು ಎರಡು ಗಂಟೆ ಬಿಡದೆ ಕೇಳಿಸಿಕೊಂಡಿದ್ದರು.

"ಅಲ್ರವ್ವ, ಆ ಹುಡುಗ ಕಡೀಗೆ ಗೆಳೆಯನ ತಂಗೀನೇ ಮದ್ವಿ ಆಗ್ತಾನೆ ಅಂದ್ರಲ್ಲ. ಗೆಳೆಯ ಭಾವ ಆದ. ಭಾವನ ಹೆಂಡ್ತಿ ಏನಾಗ್ಬೇಕು? ಅಕ್ಕನೋ ತಂಗೀನೋ ಆಗ್ಬೇಕು. ಆ ಹರ್ಮಾಯನೀನ ಅವನು ತಂಗಿ ಇದ್ದಂಗೆ ಅಂದಿದ್ದು ಸರೀನೇ ಐತೆ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅಜ್ಜಿ ಹೇಳಿದ್ದು ನಮ್ಮ ಸಂಬಂಧಗಳ ಲೆಕ್ಕ. ಅಕ್ಕನ ಗಂಡನೂ ಭಾವ, ಹೆಂಡತಿಯ ಅಣ್ಣನೂ ಭಾವ, ಪದ ಒಂದೇ. ಸೋದರಿಕೆಯಲ್ಲಿ ಕೊಟ್ಟು ತರುವ ಮನೆಗಳಲ್ಲಿ ಎಷ್ಟೋ ಸಲ ಇಬ್ಬರೂ ಒಬ್ಬನೇ ಆಗಿರುತ್ತಾನೆ. ಹೆಂಡತಿಯ ಅಣ್ಣನ ಹೆಂಡತಿ ತನಗೆ ಒಡಹುಟ್ಟಿದವಳ ಸಮ ಅನ್ನುವುದು ಆ ಪದದೊಳಗೇ ಕೂತಿದೆ. ಏಳನೇ ಪುಸ್ತಕದ 19ನೇ ಅಧ್ಯಾಯದಲ್ಲಿ, ಮಾಟದ ಲಾಕೆಟ್ಟನ್ನು ಒಡೆದು ಕುಸಿದು ಕೂತ ರಾನ್‌ಗೆ ಹ್ಯಾರಿ ಹೇಳುವ ಮಾತು ಅದೇ: ಅವಳು ನನಗೆ ಒಡಹುಟ್ಟಿದವಳ ಹಾಗೆ, ಅವಳಿಗೂ ಹಾಗೇ ಅನ್ನಿಸುತ್ತದೆ, ನಿನಗೆ ಗೊತ್ತಿದೆ ಅಂದುಕೊಂಡಿದ್ದೆ.

ಹಾರ್ಮನಿಯ ಕಾನೂನು ವಿದ್ಯಾರ್ಥಿ ತಕ್ಷಣ ತಕರಾರು ಎತ್ತಿದ. ಮದುವೆ ಆದಮೇಲೆ ಹುಟ್ಟುವ ಸಂಬಂಧವನ್ನು ಮದುವೆಗೆ ಮುಂಚಿನ ಮನಸ್ಸಿಗೆ ಪುರಾವೆ ಮಾಡಬಾರದು ಅಂತ. ನ್ಯಾಯವಾದ ತಕರಾರು. ಅಜ್ಜಿಯ ಮಾತನ್ನು ನೀಲಿ ಚೀಟಿಯಲ್ಲೇ ಬರೆದೆವು. ಆದರೆ ಅದು ಒಂದು ಬಿಳಿ ಚೀಟಿಯ ದಾರಿ ತೋರಿಸಿತು. ಮೊದಲ ಪುಸ್ತಕದ 12ನೇ ಅಧ್ಯಾಯದಲ್ಲಿ ಮನದಾಸೆ ತೋರಿಸುವ ಕನ್ನಡಿ ಹ್ಯಾರಿಗೆ ತೋರಿಸಿದ್ದು ಒಬ್ಬ ಹುಡುಗಿಯನ್ನಲ್ಲ, ಸಾಲಾಗಿ ನಿಂತ ಬಳಗವನ್ನು. ಅಪ್ಪ ಅಮ್ಮ ಇಲ್ಲದ ಹುಡುಗನಿಗೆ ಏಳು ಮಕ್ಕಳ ಮನೆಯ ಅಳಿಯನಾಗುವುದು ಎಂಥ ದೊಡ್ಡ ಸಂಗತಿ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗೆಳೆಯ ಭಾವನಾದ, ಗೆಳತಿ ಒಡಹುಟ್ಟಿದವಳಾದಳು. ಮೂವರಲ್ಲಿ ಯಾರೂ ಹೊರಗೆ ಉಳಿಯಲಿಲ್ಲ. ಹ್ಯಾರಿ ಹರ್ಮಾಯನಿಯನ್ನು ಮದುವೆಯಾಗಿದ್ದರೆ ರಾನ್ ಅವನಿಗೆ ಬರೀ ಗೆಳೆಯನಾಗಿ ಉಳಿಯುತ್ತಿದ್ದ.

ಆಮೇಲೆ ಮುಕ್ಕಾಲು ಗಂಟೆ ಹಿಡಿದದ್ದು ಒಂದೇ ಪದ. ಆ ವಾಕ್ಯವನ್ನು ಚೀಟಿಯಲ್ಲಿ ಕನ್ನಡಕ್ಕೆ ಇಳಿಸುವುದು ಹೇಗೆ? ಇಂಗ್ಲಿಷಿನ ಸಿಸ್ಟರ್‌ಗೆ ವಯಸ್ಸಿಲ್ಲ. ನಮಗೆ ಅಕ್ಕ ಇದ್ದಾಳೆ, ತಂಗಿ ಇದ್ದಾಳೆ, ಎರಡರಲ್ಲೊಂದು ಆರಿಸಲೇಬೇಕು. ಹೆಚ್ಚಿನ ಚೀಟಿಗಳಲ್ಲಿ ತಂಗಿ ಅಂತಿತ್ತು. ಹತ್ತನೇ ತರಗತಿ ಮುಗಿಸಿದ ಹುಡುಗಿಯೊಬ್ಬಳು ಕೈ ಎತ್ತಿ, "ಅದು ತಪ್ಪು ಸರ್, ಅವಳು ಅಕ್ಕ" ಅಂದಳು. ಪುರಾವೆ ಕೊಟ್ಟಳು. ಮೂರನೇ ಪುಸ್ತಕದ 4ನೇ ಅಧ್ಯಾಯದಲ್ಲಿ ತನ್ನ ಹುಟ್ಟುಹಬ್ಬ ಸೆಪ್ಟೆಂಬರ್‌ನಲ್ಲಿ ಅಂತ ಹರ್ಮಾಯನಿ ಹೇಳುತ್ತಾಳೆ. ಆರನೇ ಪುಸ್ತಕದಲ್ಲಿ ಏಪ್ರಿಲ್‌ನಲ್ಲಿ ಮಾಯವಾಗಿ ಸಂಚರಿಸುವ ಪರೀಕ್ಷೆ. 17 ತುಂಬಿದವರಿಗೆ ಮಾತ್ರ. ಹರ್ಮಾಯನಿ, ರಾನ್ ಬರೆಯುತ್ತಾರೆ, ಹ್ಯಾರಿಗೆ ಆಗುವುದಿಲ್ಲ. ಅವನು ಹುಟ್ಟಿದ್ದು ಜುಲೈ 31. ಅಂದರೆ ಅವಳು ಅವನಿಗಿಂತ ಹತ್ತು ತಿಂಗಳು ದೊಡ್ಡವಳು.

ತಂಗಿ ಅಂದರೆ ಹ್ಯಾರಿ ಕಾಪಾಡುವ ಅಣ್ಣನಾಗುತ್ತಾನೆ, ಅವಳು ಅವನ ಜವಾಬ್ದಾರಿಯಾಗುತ್ತಾಳೆ. ಏಳು ಪುಸ್ತಕದಲ್ಲಿ ನಡೆದದ್ದು ಹೆಚ್ಚಾಗಿ ಅದಕ್ಕೆ ಉಲ್ಟಾ. ಹೋಂವರ್ಕ್ ತಿದ್ದಿದವಳು, ಬೈದವಳು, ಚೀಲದಲ್ಲಿ ಟೆಂಟು, ಬಟ್ಟೆ, ಔಷಧಿ ತುಂಬಿಟ್ಟವಳು, ಅವನು ದುಡುಕಿದಾಗ ನಿಲ್ಲು ಅಂದವಳು ಅವಳು. ಅಕ್ಕ ಅಂದರೆ ಇದೆಲ್ಲ ಒಂದೇ ಪದದಲ್ಲಿ ಬರುತ್ತದೆ. ಹಾರ್ಮನಿಯವರು ಇಲ್ಲೂ ಒಳ್ಳೇ ಮಾತು ಹೇಳಿದರು: ಅಕ್ಕ ಅಂದುಬಿಟ್ಟರೆ ಕನ್ನಡದ ಓದುಗರಿಗೆ ಬಾಗಿಲು ಪೂರ್ತಿ ಮುಚ್ಚಿಹೋಗುತ್ತದೆ, ಮೂಲದ ಆ ಪದ ಇಷ್ಟು ಭದ್ರವಾಗಿ ಮುಚ್ಚುವುದಿಲ್ಲ. ಒಡಹುಟ್ಟಿದವಳು ಅಂತ ಬರೆದರೆ ವಯಸ್ಸಿನ ತೊಡಕು ತಪ್ಪುತ್ತದೆ, ಆದರೆ 17ರ ಹುಡುಗ ಗೆಳೆಯನ ಎದುರು ಹಾಗೆ ಮಾತಾಡುವುದಿಲ್ಲ. ಕೊನೆಗೆ ಬೋರ್ಡಿನ ಮೇಲೆ "ಅವಳು ನನಗೆ ಅಕ್ಕ ಇದ್ದಂಗೆ ಕಣೋ" ಅಂತ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆವು.

ಗುಲಾಬಿ ಚೀಟಿಗಳಿಗೆ ಸಿಕ್ಕಿದ್ದು ಅರ್ಧ ಗಂಟೆ. ಅದರಲ್ಲಿ ಎರಡು ವರ್ಷ ಮುಖ್ಯ. ಆರನೇ ಪುಸ್ತಕ ಬಂದ ದಿನ, 2005ರ ಜುಲೈ 16ರಂದು, ಜೆ. ಕೆ. ರೌಲಿಂಗ್ ಅವರನ್ನು ಅಭಿಮಾನಿಗಳಿಬ್ಬರು ಸಂದರ್ಶಿಸಿದರು. ರಾನ್ ಮತ್ತು ಹರ್ಮಾಯನಿ ಬಗ್ಗೆ ಕಮ್ಮಾರನ ಅಡಿಗಲ್ಲಿನಷ್ಟು ದಪ್ಪ ಸುಳಿವು ಕೊಟ್ಟಿದ್ದೇನೆ ಅಂದರು ಲೇಖಕಿ. ಇನ್ನೂ ಹಾರ್ಮನಿ ಅನ್ನುವವರು ಭ್ರಮೆಯಲ್ಲಿದ್ದಾರೆ ಅನ್ನುವ ಮಾತು ಸಂದರ್ಶಕರಲ್ಲೊಬ್ಬರದು. ಲೇಖಕಿ ಅದನ್ನು ಒಪ್ಪಲಿಲ್ಲ, ಅವರೂ ನನ್ನ ಓದುಗರೇ ಅಂದರು. ಆದರೆ ಆ ಒಂದು ಪದದ ಗಾಯ ವರ್ಷಗಟ್ಟಲೆ ಮಾಯಲಿಲ್ಲ. ದಸರೆಯ ಚರ್ಚೆಯಲ್ಲೂ ಒಬ್ಬಳಿಗೆ ಅಂಥದ್ದೇ ಮಾತು ತಗುಲಿ ಅವಳು ಎದ್ದು ಹೋಗಿದ್ದಳು. ಅದಕ್ಕೇ ಈ ಸಲ ಚೀಟಿಯ ಬಗ್ಗೆ ಮಾತ್ರ ಮಾತು, ಬರೆದವರ ಬುದ್ಧಿಯ ಬಗ್ಗೆ ಇಲ್ಲ ಅಂತ ಬಾಗಿಲಲ್ಲೇ ಬರೆದು ಅಂಟಿಸಿದ್ದು.

ಇನ್ನೊಂದು 2014ರ ಫೆಬ್ರವರಿಯದು. ಸಿನಿಮಾದಲ್ಲಿ ಹರ್ಮಾಯನಿಯಾದ ಎಮ್ಮಾ ವಾಟ್ಸನ್ ಅವರೇ ವಂಡರ್‌ಲ್ಯಾಂಡ್ ಪತ್ರಿಕೆಗಾಗಿ ಮಾಡಿದ ಸಂದರ್ಶನ. ರಾನ್ ಜೊತೆ ಅವಳನ್ನು ಕೂಡಿಸಿದ್ದು ಸಾಹಿತ್ಯದ ಕಾರಣಕ್ಕಿಂತ, ಮೊದಲು ಕಲ್ಪಿಸಿಕೊಂಡ ಕಥೆಯನ್ನು ಬಿಡಲಾರದೆ ಹಿಡಿದುಕೊಂಡದ್ದರಿಂದ ಅಂತ ರೌಲಿಂಗ್ ಹೇಳಿದರು. ಟೆಂಟಿನ ಅಧ್ಯಾಯ ಬರೆಯುವಾಗ ಹ್ಯಾರಿ ಮತ್ತು ಹರ್ಮಾಯನಿ ನಡುವೆ ಏನೋ ಇದೆ ಅಂತ ಬಲವಾಗಿ ಅನ್ನಿಸಿತ್ತು ಅಂತಲೂ ಹೇಳಿದರು. ಪೂರ್ತಿ ಸಂದರ್ಶನ ಹೊರಬರುವ ಮುಂಚೆಯೇ, ಹರ್ಮಾಯನಿ ಹ್ಯಾರಿಯನ್ನೇ ಮದುವೆಯಾಗಬೇಕಿತ್ತು ಅನ್ನುವಂಥ ತಲೆಬರಹ ಬೇರೆ ಪತ್ರಿಕೆಯಲ್ಲಿ ಬಂದುಬಿಟ್ಟಿತು. ಒಂದಿಷ್ಟು ಆಪ್ತಸಲಹೆ ಸಿಕ್ಕರೆ ರಾನ್ ಹರ್ಮಾಯನಿ ಚೆನ್ನಾಗೇ ಇರುತ್ತಾರೆ ಅಂತ ಅದೇ ಸಂದರ್ಶನದಲ್ಲಿದ್ದ ಮಾತನ್ನು ನೆನಪಿಟ್ಟವರು ಕಮ್ಮಿ. ಗುಲಾಬಿ ಚೀಟಿ ಬರೆಯುವವರು ತಲೆಬರಹ ಓದಿ ಬರೆಯಬಾರದು, ಪೂರ್ತಿ ಓದಿ ಬರೆಯಬೇಕು. ಎಷ್ಟೇ ಓದಿ ಬರೆದರೂ ಅದು ಬಿಳಿ ಚೀಟಿಯನ್ನು ತಳ್ಳಿಹಾಕುವುದಿಲ್ಲ. ಏಳು ವರ್ಷದ ನಂತರ ಬಂದ ಯೋಚನೆ ಪುಸ್ತಕದ ಸಾಲನ್ನು ತಿದ್ದಲಾರದು.

ಡ್ರಮಾಯನಿಯ ಇಬ್ಬರು ಹುಡುಗಿಯರು ತಮ್ಮ ಚೀಟಿಗಳೆಲ್ಲ ನೀಲಿ ಅಂತ ಮೊದಲೇ ಒಪ್ಪಿಕೊಂಡಿದ್ದರು. ಏಳನೇ ಪುಸ್ತಕದಲ್ಲಿ ತನ್ನ ಮನೆಗೆ ಹಿಡಿದು ತಂದ ಮೂವರನ್ನು ಗುರುತಿಸಲು ಡ್ರೇಕೋ ಹಿಂದೆಮುಂದೆ ನೋಡುವುದು, ಅದೊಂದೇ ಬಿಳಿ. ಶಾಲೆಯ ಇನ್ನೊಬ್ಬ ಗೆಳತಿ ಲೂನಾ ಪರ ಒಬ್ಬನೇ ಇದ್ದ. ಅವನ ಎರಡು ನಿಮಿಷ ಅವನಿಗೆ ಕೊಟ್ಟೆವು.

ಮತ ಹಾಕಿಸಲಿಲ್ಲ. ಮತ ಹಾಕಿಸಿದರೆ ಗೆಳತಿಯರನ್ನು ಹೆಚ್ಚು ಕರೆತಂದವರು ಗೆಲ್ಲುತ್ತಾರೆ. ಅದರ ಬದಲು, ಎದುರು ಗುಂಪಿನ ಒಂದು ಚೀಟಿ ಆರಿಸಿ ಮನೆಗೆ ಒಯ್ಯಿರಿ, ಆ ಅಧ್ಯಾಯ ಮತ್ತೆ ಓದಿ ಅಂದೆವು. ಮಳೆಯಲ್ಲಿ ಓಡಿದ ಅಧ್ಯಾಯದ ಚೀಟಿಗೆ ಏಳು ಜನ ಕೈ ಚಾಚಿದ್ದರಿಂದ ಅದನ್ನು ಆರು ಸಲ ನಕಲು ಮಾಡಬೇಕಾಯಿತು.

ಒಂದೂವರೆಗೆ ಅಜ್ಜಿ ಒಂದೊಂದೇ ಮೆಟ್ಟಿಲು ಇಳಿದರು. ಮೊಮ್ಮಗಳು ಕೆಳಗೆ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದಳು. ಐದು ಪುಸ್ತಕ ಮುಗಿದಿವೆ, ಆರನೇದು ಕೈಯಲ್ಲೇ ಇತ್ತು. "ಅಜ್ಜಿ, ಮೇಲೆ ಏನೇನ್ ಹೇಳಿದ್ರು ಅಂತ ನಂಗೆ ಒಂದ್ ಮಾತೂ ಹೇಳ್ಬಾರ್ದು" ಅಂದಳು.

"ನಾನ್ಯಾಕೆ ಹೇಳ್ಲಿ" ಅಂದರು ಅಜ್ಜಿ, ಅವಳ ಹೆಗಲು ಹಿಡಿದು ಗೇಟು ದಾಟುತ್ತಾ. "ಇನ್ನೂ ಎರಡು ಐತಲ್ಲ, ಓದು. ನೀನು ಮುಗಿಸಿದ್ ದಿನ ನಾನು ಒಂದು ಕೇಳೋದೈತೆ."